ಗಾಳಿಯಲ್ಲೂ ಅಲೆ ಏಳುತ್ತಾ? ರಾಜಾ ಸೀಟಿನ ಮಂಜಿನಿಂದ ಶುಕ್ರನ ಮೋಡದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಮಕ್ಕಳಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುವ ಅಭ್ಯಾಸ ನನಗಿದೆ. ಆದರೆ ಇಲ್ಲಿನ ಆಕಾಶದ ಕಥೆ ಗೊತ್ತಲ್ಲ, ಅರ್ಧ ವರ್ಷ ಬರೀ ಮೋಡ. ನಕ್ಷತ್ರ ಕಾಣದ ದಿನ ಮಾತು ಮೋಡದ ಕಡೆಗೇ ತಿರುಗುತ್ತದೆ. ಅಲ್ಲಿಂದ ಗಾಳಿಗೆ, ಗಾಳಿಯಿಂದ ಗಾಳಿಯೊಳಗಿನ ಅಲೆಗಳಿಗೆ, ಅಂದರೆ ಪುಸ್ತಕಗಳಲ್ಲಿ ‘ಗುರುತ್ವ ಅಲೆ’ ಎಂದು ಕರೆಯುವವಕ್ಕೆ. ಮಕ್ಕಳು, ಅವರನ್ನು ಕರೆತಂದ ಅಪ್ಪ ಅಮ್ಮಂದಿರು, ತೋಟದ ನೆಂಟರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು.

ಗುರುತ್ವ ಅಲೆ ಅಂದರೆ ಐನ್‌ಸ್ಟೈನ್ ಹೇಳಿದ್ದಲ್ವಾ?

ಅಲ್ಲ. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ದೇಶಕಾಲವೇ ನಡುಗುವುದು ಐನ್‌ಸ್ಟೈನ್ ಹೇಳಿದ ಅಲೆ. ಅಮೆರಿಕದ ಲೈಗೋ ಉಪಕರಣ ಅದನ್ನು ಮೊದಲ ಸಲ ಹಿಡಿದದ್ದು 2015ರ ಸೆಪ್ಟೆಂಬರ್ 14ರಂದು. ನಾವು ಇಲ್ಲಿ ಮಾತಾಡುತ್ತಿರುವುದು ಸಾಮಾನ್ಯ ಗಾಳಿಯ ಅಲೆ. ಎರಡಕ್ಕೂ ಕನ್ನಡದಲ್ಲಿ ‘ಗುರುತ್ವ ಅಲೆ’ ಎಂದೇ ಬರೆಯುವುದರಿಂದ ಗೊಂದಲ. ಅದಕ್ಕೇ ನಾನು ಗಾಳಿಯ ಅಲೆಯನ್ನು ‘ತೇಲು ಅಲೆ’ ಎಂದು ಕರೆಯುತ್ತೇನೆ. ನಿಘಂಟಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ.

ಸರಿ, ತೇಲು ಅಲೆ ಅಂದರೆ ಏನು?

ಬಕೆಟ್ ನೀರಿಗೆ ಒಂದು ಕಿತ್ತಳೆ ಹಾಕಿ. ತೇಲುತ್ತದೆ. ಬೆರಳಿನಿಂದ ಕೆಳಗೆ ಒತ್ತಿ ಬಿಡಿ. ಮೇಲೆ ಬರುತ್ತದೆ, ತನ್ನ ಜಾಗ ದಾಟಿ ಸ್ವಲ್ಪ ಜಾಸ್ತಿಯೇ ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ನಾಲ್ಕೈದು ಸಲ ಕುಣಿದು ನಿಲ್ಲುತ್ತದೆ. ಅಷ್ಟರಲ್ಲಿ ಬಕೆಟ್ಟಿನ ಅಂಚಿಗೆ ಅಲೆಗಳು ಹೋಗಿ ಬಡಿದಿರುತ್ತವೆ. ಗಾಳಿಯ ಒಂದು ಮುದ್ದೆಯನ್ನು ಅದರ ಜಾಗದಿಂದ ಮೇಲೆ ಕೆಳಗೆ ತಳ್ಳಿದರೂ ಇದೇ ಆಗುತ್ತದೆ. ಭಾರ ಅದನ್ನು ಕೆಳಗೆಳೆಯುತ್ತದೆ, ಸುತ್ತಲಿನ ಗಾಳಿ ಮೇಲಕ್ಕೆ ತೇಲಿಸುತ್ತದೆ. ಈ ಜಗ್ಗಾಟ ಅಕ್ಕಪಕ್ಕಕ್ಕೆ ಹಬ್ಬಿದರೆ ಅದೇ ತೇಲು ಅಲೆ.

ಕಣ್ಣಾರೆ ನೋಡಬೇಕಾದರೆ ಡಿಸೆಂಬರ್, ಜನವರಿಯ ಬೆಳಗ್ಗೆ ರಾಜಾ ಸೀಟಿಗೆ ಹೋಗಿ. ಕಣಿವೆ ತುಂಬ ಮಂಜು ಹಾಲಿನಂತೆ ನಿಂತಿರುತ್ತದೆ. ಸುಮ್ನೆ ನೋಡಿದರೆ ಅಲುಗಾಡುವುದೇ ಇಲ್ಲ ಅನ್ನಿಸುತ್ತದೆ. ಹತ್ತು ನಿಮಿಷ ಫೋನಿನಲ್ಲಿ ಟೈಮ್‌ಲ್ಯಾಪ್ಸ್ ಹಿಡಿದು ನೋಡಿ. ಮಂಜಿನ ಮೇಲ್ಮೈ ಕಡಲಿನಂತೆ ಏರಿಳಿಯುತ್ತದೆ, ಗುಡ್ಡದ ಮೂಗಿಗೆ ಬಡಿದು ಹಿಂದಕ್ಕೆ ಸರಿಯುತ್ತದೆ.

ಬಿಸಿ ಗಾಳಿ ಮೇಲೆ ಹೋಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಕೆಳಗೆ ಬಿಸಿ, ಮೇಲೆ ತಂಪು. ಹಾಗಾದರೆ ಗಾಳಿ ಮೇಲೆ ಹೋಗುತ್ತಲೇ ಇರಬೇಕಲ್ಲ, ವಾಪಸ್ ಯಾಕೆ ಬರಬೇಕು?

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ವಿಷಯ ಮುಗಿದಂತೆ.

ಮೇಲೆ ಹೋದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಇಳಿಯುತ್ತದೆ. ಆದರೆ ಸುತ್ತಲಿನ ವಾತಾವರಣ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ಮಾತ್ರ ತಂಪಾಗುತ್ತಾ ಹೋಗುತ್ತದೆ. ಅಂದರೆ ಒಂದು ಕಿಲೋಮೀಟರ್ ಏರಿದ ಗಾಳಿ ಮುದ್ದೆ ಅಲ್ಲಿನ ನೆರೆಹೊರೆಗಿಂತ 3.3 ಡಿಗ್ರಿ ತಂಪು. ತಂಪು ಅಂದರೆ ಭಾರ. ಭಾರವಾದದ್ದು ಕೆಳಗೆ ಬರಲೇಬೇಕು. ಬರುವಾಗ ಕಿತ್ತಳೆಯ ಹಾಗೆ ತನ್ನ ಜಾಗ ದಾಟಿ ಕೆಳಗಿಳಿಯುತ್ತದೆ, ಅಲ್ಲಿ ಸುತ್ತಲಿಗಿಂತ ಬಿಸಿಯಾಗಿ ಮತ್ತೆ ಏರುತ್ತದೆ.

ಈ ಕುಣಿತಕ್ಕೆ ಒಂದು ಸ್ವಂತ ತಾಳ ಇದೆ. ಮೇಲಿನ ಅಂಕಿ ಹಾಕಿ ಲೆಕ್ಕ ಮಾಡಿದರೆ ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ. ಇಪ್ಪತ್ತು ಕಿಲೋಮೀಟರ್ ಮೇಲೆ ಉಷ್ಣತೆ ಇಳಿಯುವುದೇ ನಿಂತಿರುತ್ತದೆ. ಅಲ್ಲಿ ಮುದ್ದೆ ಇನ್ನೂ ಜೋರಾಗಿ ವಾಪಸ್ ಬರುತ್ತದೆ, ಸುತ್ತಿಗೆ ಐದೇ ನಿಮಿಷ. ರಾಜಾ ಸೀಟಿನ ಕೆಳಗಿನ ಮಂಜಿನ ಮೇಲ್ಪದರದಲ್ಲಿ ಲೆಕ್ಕವೇ ತಿರುಗಾಮುರುಗಾ: ಕೆಳಗೆ ತಂಪು, ಮೇಲೆ ಬಿಸಿ. ನೂರು ಮೀಟರಿಗೆ ಐದು ಡಿಗ್ರಿ ಏರಿಕೆ ಇದೆ ಅಂದುಕೊಂಡರೆ ತಾಳ ಎರಡೂವರೆ ನಿಮಿಷಕ್ಕೂ ಕಡಿಮೆ. ಹತ್ತು ನಿಮಿಷದ ಟೈಮ್‌ಲ್ಯಾಪ್ಸ್ ಸಾಕು ಎಂದದ್ದು ಇದಕ್ಕೇ.

ಈ ತಾಳವನ್ನು ಫಿನ್ಲೆಂಡಿನ ವೈಸಲ 1925ರಲ್ಲಿ, ಬ್ರಿಟನ್ನಿನ ಬ್ರಂಟ್ 1927ರಲ್ಲಿ ಬೇರೆ ಬೇರೆಯಾಗಿ ಬರೆದರು. ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ.

ಇದರಲ್ಲಿ ಶಬ್ದ ಎಲ್ಲಿಂದ ಬಂತು? ‘ಶಬ್ದ ಗುರುತ್ವ ಅಲೆ’ ಅಂತಾರಲ್ಲ?

ಗಾಳಿಗೆ ಎರಡು ಹಟ ಇದೆ. ಒಂದು, ನನ್ನ ಮಟ್ಟ ಬಿಡುವುದಿಲ್ಲ ಎನ್ನುವುದು. ಅದು ತೇಲು ಅಲೆ. ಇನ್ನೊಂದು, ನನ್ನನ್ನು ಅಮುಕಬೇಡ ಎನ್ನುವುದು. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದರೆ ಕೈಗೆ ಗೊತ್ತಾಗುತ್ತದೆ. ಆ ಎರಡನೆಯ ಹಟದಿಂದ ಹುಟ್ಟುವುದು ಶಬ್ದ. ನಿಜವಾದ ಗಾಳಿಯಲ್ಲಿ ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಹಾಗಾಗಿ ಸಮೀಕರಣ ಬರೆದಾಗ ಎರಡೂ ಒಂದೇ ಕುಟುಂಬವಾಗಿ ಹೊರಬರುತ್ತವೆ. ಆ ಕುಟುಂಬದ ಹೆಸರೇ ‘ಶಬ್ದ ಗುರುತ್ವ ಅಲೆ’.

ಬೇಗ ಬೇಗ ಅಲುಗಾಡಿಸಿದರೆ ಗಾಳಿಗೆ ತನ್ನ ಮಟ್ಟ ನೋಡಿಕೊಳ್ಳುವಷ್ಟು ಪುರುಸೊತ್ತಿಲ್ಲ, ಅಮುಕುವಿಕೆಯೇ ಗೆಲ್ಲುತ್ತದೆ. ನಿಧಾನಕ್ಕೆ ಅಲುಗಾಡಿಸಿದರೆ ಅಮುಕಿದ್ದು ಹಿಗ್ಗಿ ಸರಿಯಾಗುವಷ್ಟು ಸಮಯ ಇರುತ್ತದೆ, ತೇಲುವಿಕೆ ಗೆಲ್ಲುತ್ತದೆ. ಗಡಿ ಎಲ್ಲಿ? ಎಲ್ಲಾ ಎತ್ತರದಲ್ಲೂ ಉಷ್ಣತೆ ಒಂದೇ, ಮೈನಸ್ 53 ಡಿಗ್ರಿ ಅಂತ ಇಟ್ಟುಕೊಂಡರೆ, ನಾಲ್ಕೂವರೆ ನಿಮಿಷಕ್ಕಿಂತ ಬೇಗ ಕುಣಿಯುವುದೆಲ್ಲ ಶಬ್ದದ ಬಳಗ. ಐದು ನಿಮಿಷಕ್ಕಿಂತ ನಿಧಾನದ್ದೆಲ್ಲ ತೇಲು ಬಳಗ. ನಡುವೆ ಅರ್ಧ ನಿಮಿಷದಷ್ಟು ಒಂದು ಸಣ್ಣ ಓಣಿ ಇದೆ. ಆ ತಾಳದ ಅಲೆ ಮೇಲಕ್ಕೆ ಹೋಗಲಾರದು, ಅಡ್ಡಡ್ಡ ಮಾತ್ರ ಓಡಬಲ್ಲದು.

ಇಷ್ಟು ನಿಧಾನದ ‘ಶಬ್ದ’ ಕಿವಿಗೆ ಕೇಳುವುದಿಲ್ಲ. ನಮಗೆ ಸೆಕೆಂಡಿಗೆ 20 ಸಲಕ್ಕಿಂತ ಕಡಿಮೆ ಅಲುಗಿದರೆ ಕೇಳಿಸದು. ದುಬಾರೆಯ ಆನೆಗಳು ನಮ್ಮನ್ನು ಮೀರಿಸುತ್ತವೆ. ಏಷ್ಯಾದ ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ ಅಲುಗುವ ದನಿಯಲ್ಲಿ, ಮಾತಾಡಿಕೊಳ್ಳುತ್ತವೆ ಎಂದು 1980ರ ದಶಕದಲ್ಲಿ ಕೇಟಿ ಪೇನ್ ಮತ್ತು ಜೊತೆಗಾರರು ತೋರಿಸಿದರು. ಆದರೆ ಆನೆಯ ಗುರ್ ಎನ್ನುವ ದನಿಯೂ ಆ ನಾಲ್ಕೂವರೆ ನಿಮಿಷದ ಗಡಿಗಿಂತ ಸಾವಿರಾರು ಪಟ್ಟು ಚುರುಕು. ಆನೆಗೂ ಈ ಅಲೆ ಕೇಳಿಸದು.

ಇನ್ನೊಂದು ಮಾತು. ಹುತ್ತರಿ ರಾತ್ರಿ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನ ಸದ್ದು ಮೂರು ಗುಡ್ಡದಾಚೆಯೂ ಕೇಳುತ್ತದಲ್ಲ, ಅದು ಮಾಮೂಲಿ ಶಬ್ದವೇ. ಆದರೆ ಅಷ್ಟು ದೂರ ಬರಲು ಕಾರಣ, ಮಂಜು ಕುಣಿಸುವ ಅದೇ ಪದರ. ತಂಪಾದ ರಾತ್ರಿ ಕೆಳಗೆ ತಂಪು, ಮೇಲೆ ಬಿಸಿ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ, ಹಾಗಾಗಿ ಸದ್ದು ಮೇಲೆ ಹೋಗದೆ ಕಣಿವೆಯತ್ತ ಬಾಗುತ್ತದೆ.

ತೇಲು ಅಲೆ ಯಾವ ದಿಕ್ಕಿಗೆ ಓಡುತ್ತದೆ?

ಇಲ್ಲಿ ನಮ್ಮ ಅಂದಾಜು ಪೂರ್ತಿ ತಪ್ಪುತ್ತದೆ. ಕೆರೆಗೆ ಕಲ್ಲು ಹಾಕಿದರೆ ಉಬ್ಬು ಹೋದ ಕಡೆಗೇ ಶಕ್ತಿಯೂ ಹೋಗುತ್ತದೆ. ಗಾಳಿಯೊಳಗಿನ ತೇಲು ಅಲೆಯಲ್ಲಿ ಹಾಗಲ್ಲ. ಉಬ್ಬು ತಗ್ಗುಗಳು ಒಂದು ದಿಕ್ಕಿಗೆ ಸರಿದರೆ ಶಕ್ತಿ ಅದಕ್ಕೆ ಅಡ್ಡವಾಗಿ, ಸರಿಯಾಗಿ 90 ಡಿಗ್ರಿ ತಿರುಗಿ ಹೋಗುತ್ತದೆ. ಉಬ್ಬುಗಳು ಕೆಳಗಿಳಿಯುತ್ತಿರುವಂತೆ ಕಂಡರೆ ಶಕ್ತಿ ಮೇಲೇರುತ್ತಿದೆ ಎಂದು ಅರ್ಥ.

ಗಾಳಿ ಓಲಾಡುವ ಓರೆಯೂ ತಾಳದ ಮೇಲೆ ನಿಂತಿದೆ. ಹತ್ತು ನಿಮಿಷದ ಸ್ವಂತ ತಾಳ ಇರುವ ಗಾಳಿಯನ್ನು ಹತ್ತು ನಿಮಿಷಕ್ಕೇ ತಳ್ಳಿದರೆ ನೇರ ಮೇಲೆ ಕೆಳಗೆ ಕುಣಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ತಳ್ಳಿದರೆ ನೆಲದಿಂದ 30 ಡಿಗ್ರಿ ಓರೆಯಲ್ಲಿ ಜಾರುತ್ತದೆ. ಇನ್ನೂ ನಿಧಾನವಾದರೆ ಬಹುತೇಕ ಮಲಗಿಯೇ ಬಿಡುತ್ತದೆ.

ಉಲ್ಕೆಗಳು ಬಿಟ್ಟುಹೋಗುವ ಹೊಳೆವ ಗೆರೆ ಕ್ಷಣದಲ್ಲೇ ಅಂಕುಡೊಂಕಾಗುವುದನ್ನು ಜನ ನೋಡಿದ್ದರು. 90, 100 ಕಿಲೋಮೀಟರ್ ಎತ್ತರದಲ್ಲಿ ಗಾಳಿ ಯಾಕೆ ಹಾಗೆ ಪದರ ಪದರವಾಗಿ ಬೇರೆ ಬೇರೆ ಕಡೆ ಬೀಸುತ್ತದೆ ಎನ್ನುವುದು ಒಗಟಾಗಿತ್ತು. 1960ರಲ್ಲಿ ಕಾಲಿನ್ ಹೈನ್ಸ್ ಕೆನಡಾದಲ್ಲಿದ್ದಾಗ ಬರೆದ ಪ್ರಬಂಧ, ಇದೆಲ್ಲ ಕೆಳಗಿಂದ ಏರಿ ಬಂದ ತೇಲು ಅಲೆಗಳ ಕೆಲಸ ಎಂದು ತೋರಿಸಿತು.

ನೆಲದ ಸಣ್ಣ ಅಲೆ ಅಷ್ಟು ಮೇಲೆ ಹೋಗಿ ದೊಡ್ಡದಾಗುವುದು ಹೇಗೆ?

ಎತ್ತಿನ ಚಾಟಿ ನೋಡಿದ್ದೀರಾ? ಹಿಡಿ ದಪ್ಪ, ತುದಿ ಸಣ್ಣ. ಹಿಡಿಯಲ್ಲಿ ಸ್ವಲ್ಪ ಅಲುಗಿಸಿದರೂ ತುದಿ ಚಟೀರ್ ಅನ್ನುತ್ತದೆ. ಗಾಳಿಯೂ ಹಾಗೆ, ಮೇಲೆ ಹೋದಂತೆ ತೆಳ್ಳಗಾಗುತ್ತದೆ. ಅದೇ ಶಕ್ತಿ ಕಡಿಮೆ ಗಾಳಿಯ ಪಾಲಿಗೆ ಬಂದರೆ ಓಲಾಟ ಹೆಚ್ಚಲೇಬೇಕು. ನೂರು ಕಿಲೋಮೀಟರ್ ಮೇಲೆ ಗಾಳಿಯ ಸಾಂದ್ರತೆ ಇಲ್ಲಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಓಲಾಟ ಅದರ ವರ್ಗಮೂಲದಂತೆ ಬೆಳೆಯುತ್ತದೆ, ಅಂದರೆ ಸಾವಿರ ಪಟ್ಟು. ನೆಲದ ಹತ್ತಿರ ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದ ಮಿಸುಕಾಟ ಅಲ್ಲಿ ಸೆಕೆಂಡಿಗೆ ಹತ್ತು ಮೀಟರಿನ ಬಿರುಗಾಳಿ.

ಎಲ್ಲಾ ಅಲೆಗೂ ಈ ಭಾಗ್ಯ ಇಲ್ಲ. ದಾರಿಯಲ್ಲೇ ಸಾಯುವುದೇ ಹೆಚ್ಚು. ಉಳಿದದ್ದು ಎತ್ತರದಲ್ಲಿ ಅತಿಯಾಗಿ ಬೆಳೆದು ಕಡಲ ದಂಡೆಯ ಅಲೆಯ ಹಾಗೆ ಮುರಿದು ಬೀಳುತ್ತದೆ. ಮುರಿದ ಜಾಗದಲ್ಲಿ ತಾನು ಹೊತ್ತು ತಂದ ತಳ್ಳುವಿಕೆಯನ್ನು ಅಲ್ಲಿನ ಗಾಳಿಗೆ ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಸೊಗಸು ಇಲ್ಲೇ. ಒಂದು ಕಡೆಯ ಬೆಟ್ಟ, ಇನ್ನೊಂದು ಕಡೆಯ ಗುಡುಗು ಮಳೆ, ತಮಗೆ ಸಂಬಂಧವೇ ಇಲ್ಲದ 80 ಕಿಲೋಮೀಟರ್ ಮೇಲಿನ ಗಾಳಿಯನ್ನು ತಳ್ಳುತ್ತವೆ. ಭೂಮಿಯ ವಾತಾವರಣದಲ್ಲೇ ಅತಿ ತಂಪಾದ ಜಾಗ ಧ್ರುವದ ಮೇಲೆ 85, 90 ಕಿಲೋಮೀಟರ್ ಎತ್ತರದಲ್ಲಿದೆ, ಅದೂ ಅಲ್ಲಿನ ಬೇಸಿಗೆಯಲ್ಲಿ, ಸೂರ್ಯ ಮುಳುಗದ ದಿನಗಳಲ್ಲಿ! ಅಲೆಗಳ ತಳ್ಳಾಟದಿಂದ ಅಲ್ಲಿ ಗಾಳಿ ಮೇಲಕ್ಕೇರುತ್ತದೆ, ಏರಿ ಹಿಗ್ಗಿ ತಣ್ಣಗಾಗುತ್ತದೆ.

ನಮ್ಮ ಕೊಡಗಿನ ಬೆಟ್ಟಗಳಿಂದಲೂ ಅಲೆ ಹುಟ್ಟುತ್ತದಾ?

ಹುಟ್ಟಲೇಬೇಕು. ಹೊಳೆಯಲ್ಲಿ ಮುಳುಗಿದ ಬಂಡೆಯ ಆಚೆ ನೀರು ಉಬ್ಬಿ ತಗ್ಗಿ ನಿಂತಲ್ಲೇ ನಿಂತಿರುತ್ತದಲ್ಲ, ಹಾಗೆ. ಮಳೆಗಾಲದಲ್ಲಿ ಅರಬ್ಬೀ ಕಡಲಿನಿಂದ ಬರುವ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತದೆ. ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712, ಬ್ರಹ್ಮಗಿರಿ 1,608. ಗಾಳಿ ಹತ್ತಿ ಇಳಿದ ಮೇಲೆ ಆಚೆ ಬದಿಯಲ್ಲಿ ಓಲಾಡುತ್ತದೆ. ಸೆಕೆಂಡಿಗೆ 15 ಮೀಟರ್ ಗಾಳಿ, ಹತ್ತು ನಿಮಿಷದ ತಾಳ ಎಂದು ಹಿಡಿದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಒಂಬತ್ತು ಕಿಲೋಮೀಟರ್. ಇದು ಒಣ ಗಾಳಿಯ ಲೆಕ್ಕ. ಆಷಾಢದ ಗಾಳಿ ಒಣಗಿರುತ್ತದೆಯೇ? ಅದು ಏರುವಾಗ ಆವಿ ಮೋಡವಾಗುತ್ತದೆ, ಆಗ ಬಿಡುಗಡೆಯಾಗುವ ಬಿಸಿ ಗಾಳಿಯನ್ನು ತಣ್ಣಗಾಗಲು ಬಿಡುವುದಿಲ್ಲ. ವಾಪಸ್ ಎಳೆಯುವ ಬಲ ಕುಗ್ಗುತ್ತದೆ, ತಾಳ ನಿಧಾನವಾಗುತ್ತದೆ, ಅಲೆ ಉದ್ದವಾಗುತ್ತದೆ.

ಇನ್ನೊಂದು ತಮಾಷೆ ಇದೆ. ಬೆಟ್ಟ ಹುಟ್ಟಿಸಿದ ಅಲೆ ಬೆಟ್ಟಕ್ಕೆ ಕಟ್ಟಿಹಾಕಿದಂತೆ ನಿಂತಲ್ಲೇ ಇರುತ್ತದೆ. ಅದಕ್ಕೆ ಬದುಕಲು ಬೀಸುವ ಗಾಳಿ ಬೇಕು. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ ಕೆಳಗೆ ಪಡುವಣ ಗಾಳಿ, ಮೇಲೆ 14ರಿಂದ 16 ಕಿಲೋಮೀಟರಿನಲ್ಲಿ ಜೋರಾದ ಮೂಡಣ ಗಾಳಿ. ನಡುವೆ, ಆರೇಳು ಕಿಲೋಮೀಟರಿನ ಆಸುಪಾಸು, ಪೂರ್ವ ಪಶ್ಚಿಮಕ್ಕೆ ಗಾಳಿಯೇ ಇಲ್ಲದ ಒಂದು ಮಟ್ಟ ಬರುತ್ತದೆ. ಬೆಟ್ಟದ ಅಲೆ ಅಲ್ಲಿಗೆ ಹತ್ತಿರವಾದಂತೆ ಚಪ್ಪಟೆಯಾಗುತ್ತಾ, ನಿಧಾನವಾಗುತ್ತಾ ಹೋಗಿ ಅಲ್ಲೇ ಕರಗಿಬಿಡುತ್ತದೆ. ಅಂದರೆ ಕೊಡಗಿನ ಬೆಟ್ಟದ ಅಲೆ ಮಳೆಗಾಲದಲ್ಲಿ ಆಕಾಶದ ಮಾಳಿಗೆ ಹತ್ತುವುದು ಕಷ್ಟ. ಅಲ್ಲಿಗೆ ಹೋಗುವುದು ಗುಡುಗು ಮೋಡದ ಅಲೆಗಳು. ಅವು ನಿಂತ ಅಲೆಗಳಲ್ಲ, ಓಡುವ ಅಲೆಗಳು. ಹೂಮಳೆ ತರುವ ಮಾರ್ಚ್, ಏಪ್ರಿಲ್ ತಿಂಗಳ ಗುಡುಗು ಮೋಡ ಕೆಳಗಿಂದ ಗುದ್ದಿದಾಗ ಅಲೆಗಳು ಉಂಗುರ ಉಂಗುರವಾಗಿ ಮೇಲಕ್ಕೆ ಹರಡುತ್ತವೆ. ಸುಮಾರು 87 ಕಿಲೋಮೀಟರ್ ಎತ್ತರದಲ್ಲಿ ರಾತ್ರಿ ಗಾಳಿ ತಾನಾಗಿಯೇ ಮಂಕಾಗಿ ಹೊಳೆಯುವ ಪದರ ಇದೆ. ಗುಡುಗು ಮೋಡಗಳ ಮೇಲೆ ಆ ಹೊಳಪಿನಲ್ಲಿ ಇಂಥ ಉಂಗುರಗಳನ್ನು ಉಪಗ್ರಹಗಳು ಹಿಡಿದಿವೆ.

ಹಾಗಾದರೆ ನಮ್ಮ ಮಳೆಗೂ ಅಲೆಗೂ ಸಂಬಂಧ ಇದೆಯಾ?

ಇದೆ, ಆದರೆ ಉಬ್ಬಿಸಿ ಹೇಳಬಾರದು. ಘಟ್ಟ ಗಾಳಿಯನ್ನು ಎಲ್ಲಿ ಎಷ್ಟು ಎತ್ತುತ್ತದೆ ಎಂಬ ಲೆಕ್ಕದಲ್ಲಿ ಈ ಅಲೆಗಳು ಬರುತ್ತವೆ. ಹವಾಮಾನ ವಿಜ್ಞಾನಿ ಆರ್. ಪಿ. ಸರ್ಕರ್ 1966ರಲ್ಲಿ ಪಶ್ಚಿಮ ಘಟ್ಟದ ಮಳೆಗೆ ಇದೇ ಬಗೆಯ ಲೆಕ್ಕ ಹಾಕಿ ತೋರಿಸಿದ್ದಾರೆ. ಭಾಗಮಂಡಲದಲ್ಲಿ ಧೋ ಎಂದು ಸುರಿದು ಕುಶಾಲನಗರದಲ್ಲಿ ಬಿಸಿಲು ಕಾಣುವುದಕ್ಕೆ ಬೆಟ್ಟ ಎತ್ತುವುದು, ಆಚೆ ಇಳಿಸುವುದು ಮುಖ್ಯ ಕಾರಣ. ತೋಟದ ಮಳೆ ಪುಸ್ತಕದಲ್ಲಿ ಇವತ್ತು ಎಷ್ಟು ಇಂಚು, ಎಷ್ಟು ಸೆಂಟ್ ಎಂಬುದನ್ನು ಮಾತ್ರ ಅಲೆಯ ಲೆಕ್ಕದಿಂದ ಹೇಳಲು ಆಗದು.

2022ರ ಜೂನ್ ಕೊನೆಯಲ್ಲಿ ಸಂಪಾಜೆ, ಚೆಂಬು ಕಡೆ ನೆಲ ಗುಡುಗಿತಲ್ಲ, ಅದೂ ಇದೇನಾ?

ಅಲ್ಲ. ಅದು ಸಣ್ಣ ಭೂಕಂಪ. ಕಡಿಮೆ ಆಳದಲ್ಲಿ ಬಂಡೆ ಕದಲಿದಾಗ ನೆಲವೇ ಸ್ಪೀಕರಿನ ಪೊರೆಯಂತೆ ಅದುರಿ ಗಾಳಿಗೆ ಸದ್ದು ಕೊಡುತ್ತದೆ. ದೊಡ್ಡ ಭೂಕಂಪವಾದರೆ ಮಾತ್ರ ಆ ಅದುರು ಎಂಟು ಹತ್ತು ನಿಮಿಷದಲ್ಲಿ ಶಬ್ದ ಅಲೆಯಾಗಿ ಅಯಾನುಗೋಳ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಮುಟ್ಟುತ್ತದೆ, ಜಿಪಿಎಸ್ ಸಂಕೇತಗಳಲ್ಲಿ ಕಾಣಿಸುತ್ತದೆ. 2011ರ ಮಾರ್ಚ್ 11ರ ಜಪಾನ್ ಭೂಕಂಪದಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಸುನಾಮಿ ಎಬ್ಬಿಸಿದ ತೇಲು ಅಲೆಯೂ ಮೇಲೆ ಹೋಯಿತು, ಆದರೆ ತಡವಾಗಿ.

ಟೋಂಗಾ ಜ್ವಾಲಾಮುಖಿಯ ಅಲೆ ಕೊಡಗಿಗೂ ಬಂದಿತ್ತು ಅನ್ನುತ್ತಾರೆ, ನಿಜವಾ?

ಭೂಮಿಯನ್ನೇ ಹಲವು ಸುತ್ತು ಹಾಕಿದ ಅಲೆ ಅದು, ನಮ್ಮನ್ನು ಬಿಟ್ಟು ಹೋಗುವುದು ಹೇಗೆ? 2022ರ ಜನವರಿ 15ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಮುಕ್ಕಾಲು ಹತ್ತರ ಹೊತ್ತಿಗೆ ಹುಂಗಾ ಟೋಂಗಾ ಸಿಡಿಯಿತು. ಒತ್ತಡದ ಅಲೆ ಸೆಕೆಂಡಿಗೆ 310ರಿಂದ 320 ಮೀಟರ್ ವೇಗದಲ್ಲಿ ಹೊರಟಿತು. ಅಲ್ಲಿಂದ ಮಡಿಕೇರಿಗೆ ಸುಮಾರು 12,400 ಕಿಲೋಮೀಟರ್. ಭಾಗಿಸಿದರೆ ಹನ್ನೊಂದು ಗಂಟೆ. ಅಂದರೆ ಆ ರಾತ್ರಿ ಎಂಟೂವರೆ, ಒಂಬತ್ತರ ನಡುವೆ, ಊಟಕ್ಕೆ ಕೂತ ಹೊತ್ತಿಗೆ ನಮ್ಮ ಮೇಲೆ ಹಾದುಹೋಗಿರಬೇಕು.

ಇದು ಲ್ಯಾಂಬ್ ಅಲೆ. ಇಂಗ್ಲೆಂಡಿನ ಗಣಿತಜ್ಞ ಹೊರೇಸ್ ಲ್ಯಾಂಬ್ ಹೆಸರಿನದು. ಮೇಲಕ್ಕೆ ಏರುವುದಿಲ್ಲ, ನೆಲ ಹಿಡಿದು ಶಬ್ದದ ವೇಗದಲ್ಲಿ ಅಡ್ಡಡ್ಡ ಓಡುತ್ತದೆ. ಶಕ್ತಿ ಆಕಾಶಕ್ಕೆ ಸೋರಿಹೋಗದ ಕಾರಣ ಅಷ್ಟು ದೂರ ಬಾಳುತ್ತದೆ. 1883ರ ಆಗಸ್ಟ್ 27ರಂದು ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗಲೂ ಜಗತ್ತಿನ ಒತ್ತಡಮಾಪಕಗಳು ಇದೇ ಬಗೆಯ ಅಲೆ ಮತ್ತೆ ಮತ್ತೆ ಸುತ್ತಿ ಬಂದದ್ದನ್ನು ಗೀಚಿದ್ದವು.

2019ರ ಕಂಕಣ ಗ್ರಹಣಕ್ಕೂ ಅಲೆ ಎದ್ದಿತ್ತಾ?

ಆ ಡಿಸೆಂಬರ್ 26ರ ಬೆಳಗ್ಗೆ ಒಂಬತ್ತೂವರೆ ಹತ್ತಿರ ಕೊಡಗಿನಲ್ಲಿ ಬೆಂಕಿಯುಂಗುರ ನೋಡಿದವರು ಮರೆಯಲಾರರು. ಗ್ರಹಣದ ನೆರಳು ಶಬ್ದಕ್ಕಿಂತ ವೇಗವಾಗಿ ಓಡುತ್ತದೆ. ನೆರಳಿನಡಿ ಗಾಳಿ ಸ್ವಲ್ಪ ತಂಪಾಗುತ್ತದೆ. ದೋಣಿ ನೀರಿನಲ್ಲಿ ಹೋದಾಗ ಹಿಂದೆ ಬಾಣದ ಆಕಾರದ ಅಲೆ ಏಳುವಂತೆ, ಓಡುವ ಈ ತಂಪಿನ ಚುಕ್ಕೆಯೂ ಅಲೆ ಎಬ್ಬಿಸಬೇಕು ಎಂದು ಚಿಮೊನಸ್ ಮತ್ತು ಹೈನ್ಸ್ 1970ರಲ್ಲೇ ಹೇಳಿದ್ದರು. 2017ರ ಆಗಸ್ಟ್ 21ರ ಅಮೆರಿಕದ ಗ್ರಹಣದಲ್ಲಿ ಅಯಾನುಗೋಳದಲ್ಲಿ ಅಂಥ ಬಾಣದ ಅಲೆ ಜಿಪಿಎಸ್ ಅಳತೆಯಲ್ಲಿ ಕಂಡಿತು.

ಬೇರೆ ಗ್ರಹಗಳಲ್ಲೂ ಇದೆಲ್ಲ ನಡೆಯುತ್ತದಾ?

ಗಾಳಿ ಇದ್ದು, ಅದು ಪದರವಾಗಿ ನಿಂತಿದ್ದರೆ ಸಾಕು. ತಾಳ ಮಾತ್ರ ಊರಿಗೊಂದು. ಎತ್ತರಕ್ಕೆ ಉಷ್ಣತೆ ಬದಲಾಗದ ಪದರಕ್ಕೆ ನಾನು ಲೆಕ್ಕ ಹಾಕಿದ್ದು ಹೀಗೆ: ಭೂಮಿಯಲ್ಲಿ ಐದು ನಿಮಿಷ, ಗುರು ಗ್ರಹದಲ್ಲಿ ಆರು, ಮಂಗಳನಲ್ಲಿ ಹನ್ನೊಂದು, ಶನಿಯ ಚಂದ್ರ ಟೈಟನ್‌ನಲ್ಲಿ ಅರ್ಧ ಗಂಟೆಗೂ ಮೇಲೆ. ಸೆಳೆತ ಕಡಿಮೆ ಇದ್ದ ಕಡೆ ಗಾಳಿಗೆ ವಾಪಸ್ ಬರಲು ಅವಸರ ಇಲ್ಲ.

ಶುಕ್ರನ ಮೇಲಿನ ಬಿಲ್ಲಿನ ಕಥೆ ಏನು?

ಜಪಾನಿನ ಅಕಾಟ್ಸುಕಿ ನೌಕೆ 2010ರಲ್ಲಿ ಶುಕ್ರನ ಕಕ್ಷೆ ಸೇರಲಾಗದೆ ತಪ್ಪಿಸಿಕೊಂಡಿತ್ತು. ಐದು ವರ್ಷ ಸೂರ್ಯನನ್ನು ಸುತ್ತಿ 2015ರ ಡಿಸೆಂಬರ್ 7ರಂದು ಮತ್ತೆ ಪ್ರಯತ್ನಿಸಿ ಗೆದ್ದಿತು. ಸೇರಿದ ಕೂಡಲೇ ಅದರ ಅವಕೆಂಪು ಕ್ಯಾಮೆರಾಕ್ಕೆ ಕಂಡದ್ದು, ಮೋಡದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಬಾಗಿದ ಬಿಲ್ಲು. ಉದ್ದ 10,000 ಕಿಲೋಮೀಟರ್. ಶುಕ್ರನ ಮೋಡಗಳು ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ ಓಡಿ ನಾಲ್ಕು ದಿನಕ್ಕೆ ಗ್ರಹವನ್ನೇ ಸುತ್ತುತ್ತವೆ. ಆದರೆ ಬಿಲ್ಲು ದಿನಗಟ್ಟಲೆ ಕದಲಲಿಲ್ಲ. ಕೆಳಗೆ ನೋಡಿದರೆ ಅಫ್ರೋಡೈಟ್ ಟೆರಾ ಎಂಬ ಎತ್ತರದ ಭೂಖಂಡ.

ಹೊಳೆಯ ಬಂಡೆಯ ಕಥೆಯೇ. ನೆಲದ ಬಳಿ ಮೆಲ್ಲಗೆ ಹರಿಯುವ ದಟ್ಟ ಗಾಳಿ ಗುಡ್ಡ ಹತ್ತಿದಾಗ ಎದ್ದ ಅಲೆ, 65 ಕಿಲೋಮೀಟರ್ ಮೇಲಿನ ಮೋಡದ ನೆತ್ತಿಯವರೆಗೆ ಏರಿತ್ತು. ನಮ್ಮ ತಡಿಯಂಡಮೋಳಿನ ಅಲೆಗೆ ದಾರಿಯಲ್ಲಿ ಗಾಳಿ ಸತ್ತ ಮಟ್ಟ ಸಿಕ್ಕಿತ್ತು. ಶುಕ್ರನಲ್ಲಿ ಹಾಗಿಲ್ಲ, ಮೋಡದವರೆಗೂ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಾ ಮೇಲೆ ಹೋದಂತೆ ಜೋರಾಗುತ್ತದೆ. ಹಾಗಾಗಿ ಅಲೆಗೆ ಹೆದ್ದಾರಿ ಸಿಕ್ಕಿತು. ಅಲ್ಲಿನ ಮಧ್ಯಾಹ್ನ ಕಳೆದ ಹೊತ್ತಿಗೇ ಇಂಥ ಬಿಲ್ಲುಗಳು ಹೆಚ್ಚು ಕಾಣುತ್ತವೆ ಎಂಬುದೂ ಆಮೇಲೆ ಗೊತ್ತಾಯಿತು. ಗಾಳಿ ಬೆಟ್ಟವನ್ನು ತಳ್ಳಿದರೆ ಬೆಟ್ಟ ಗ್ರಹವನ್ನು ತಳ್ಳಬೇಕಲ್ಲ. ಶುಕ್ರನ ಒಂದು ಹಗಲು ರಾತ್ರಿಗೆ ನಮ್ಮ 117 ದಿನ. ಈ ತಳ್ಳಾಟ ಅದರಲ್ಲಿ ಒಂದೆರಡು ನಿಮಿಷದ ವ್ಯತ್ಯಾಸ ತರಬಹುದು ಎಂದು 2018ರ ಒಂದು ಲೆಕ್ಕಾಚಾರ ತೋರಿಸಿತು. ಗಾಳಿಯ ಅಲೆ ಒಂದು ಗ್ರಹದ ಗಡಿಯಾರವನ್ನೇ ಅಲುಗಿಸುವುದು ಎಂದರೆ!

ಮಂಗಳನಲ್ಲಿ?

1971ರಲ್ಲಿ ಹೋದ ಮ್ಯಾರಿನರ್ 9 ನೌಕೆಯ ಚಿತ್ರಗಳಲ್ಲೇ ಕುಳಿಗಳ ಹಿಂದೆ ಸಾಲು ಸಾಲು ಅಲೆಮೋಡಗಳಿದ್ದವು. ಅಲ್ಲಿನ ಗಾಳಿ ತೆಳ್ಳಗೆ, ಬೆಟ್ಟಗಳು ಭಾರೀ. ಹಾಗಾಗಿ ಮೇಲ್ಪದರ ಸದಾ ಅಲೆಗಳಿಂದ ಕುಲುಕುತ್ತಿರುತ್ತದೆ. ಗಾಳಿಯ ತಿಕ್ಕಾಟದಿಂದ ಕಕ್ಷೆ ಇಳಿಸಿಕೊಳ್ಳುವ ನೌಕೆಗಳಿಗೆ ಸಾಂದ್ರತೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಸಿಕ್ಕಿ ತಲೆನೋವು. ಶಬ್ದದ ಕಥೆಯೂ ವಿಚಿತ್ರ. ಪರ್ಸಿವಿಯರೆನ್ಸ್ ರೋವರ್ ಅಳೆದಂತೆ ಅಲ್ಲಿ ತಗ್ಗು ದನಿ ಸೆಕೆಂಡಿಗೆ ಸುಮಾರು 240 ಮೀಟರ್, ಎತ್ತರದ ದನಿ 250 ಮೀಟರ್ ಓಡುತ್ತದೆ. ಅಲ್ಲಿ ಹಾಡುಗಾರರ ತಾರಸ್ಥಾಯಿ ಮೊದಲು ಕೇಳಿ, ಮಂದ್ರ ಆಮೇಲೆ ತಲುಪುತ್ತದೆ.

ಗುರು ಗ್ರಹ?

1994ರ ಜುಲೈನಲ್ಲಿ ಶೂಮೇಕರ್ ಲೆವಿ 9 ಧೂಮಕೇತುವಿನ ಚೂರುಗಳು ಗುರುವಿಗೆ ಬಿದ್ದಾಗ ಬಡಿದ ಜಾಗದಿಂದ ಕಪ್ಪು ಉಂಗುರಗಳು ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಹರಡಿದ್ದನ್ನು ಹಬಲ್ ದೂರದರ್ಶಕ ಕಂಡಿತು. ಅಲ್ಲಿನ ಶಬ್ದದ ವೇಗಕ್ಕಿಂತ ಅದು ಬಹಳ ಕಡಿಮೆ. ಅಂದಮೇಲೆ ಅದು ಬರೀ ಶಬ್ದವಲ್ಲ, ತೇಲು ಅಲೆಯ ಕಡೆಗೇ ಬೆರಳು ತೋರಿಸುತ್ತದೆ.

ಬಗೆಹರಿಯದ ಜಗಳವೂ ಇದೆ. ಗುರುವಿನ ಮೇಲ್ಪದರ ಬಿಸಿಲಿನ ಲೆಕ್ಕಕ್ಕಿಂತ ನೂರಾರು ಡಿಗ್ರಿ ಬಿಸಿ. 1995ರ ಡಿಸೆಂಬರ್ 7ರಂದು ಒಳಗಿಳಿದ ಗೆಲಿಲಿಯೋ ಶೋಧಕ ಅಲ್ಲಿ ಅಲೆಯಂತೆ ಏರಿಳಿಯುವ ಉಷ್ಣತೆ ಅಳೆಯಿತು. ಅಲೆಗಳೇ ಬಿಸಿ ಹೊತ್ತು ತರುತ್ತವೆಯೇ? ದೊಡ್ಡ ಕೆಂಪು ಕಲೆಯ ಮೇಲೆ 1,300 ಡಿಗ್ರಿ ದಾಟಿದೆ ಎಂದು 2016ರಲ್ಲಿ ಬಂದ ಅಳತೆ ‘ಹೌದು’ ಎನ್ನುವವರ ಕೈ ಬಲಪಡಿಸಿತು. 2021ರಲ್ಲಿ ಬಂದ ಉಷ್ಣತೆಯ ನಕ್ಷೆ ಧ್ರುವಪ್ರಭೆಯ ಬಿಸಿಯೇ ಎಲ್ಲೆಡೆ ಹರಡುತ್ತದೆ ಎಂದಿತು. ನನಗೆ ಎರಡನೆಯದೇ ಮುಖ್ಯ ಪಾಲು ಅನ್ನಿಸುತ್ತದೆ, ಕೆಂಪು ಕಲೆಯ ಲೆಕ್ಕ ಬೇರೆ ಇರಬಹುದು.

ದೂರದಲ್ಲಿ ಇನ್ನೂ ಇವೆ. ಪ್ಲೂಟೊದ ತೆಳು ಗಾಳಿಯಲ್ಲಿ 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಕಂಡ ಸುಮಾರು 20 ಮಬ್ಬು ಪದರಗಳಿಗೆ ತೇಲು ಅಲೆಯೇ ಕಾರಣ ಎಂಬ ವಿವರಣೆ ಇದೆ.

ನಮ್ಮ ದೇಶದಲ್ಲಿ ಇದನ್ನು ಅಳೆಯುತ್ತಾರಾ?

ತಿರುಪತಿ ಹತ್ತಿರದ ಗಾದಂಕಿಯಲ್ಲಿ 53 ಮೆಗಾಹರ್ಟ್ಸ್ ರೇಡಾರ್ ಇದೆ. ಹಳೆಯ ಟಿವಿ ಆಂಟೆನಾದಂಥ 1,024 ಆಂಟೆನಾಗಳು ನೆಲದ ಮೇಲೆ ಸಾಲಾಗಿ ನಿಂತಿವೆ. ಗಾಳಿ ಮೇಲೆ ಕೆಳಗೆ ಸರಿಯುವುದನ್ನು ಅದು ನಿಮಿಷ ನಿಮಿಷಕ್ಕೂ ನೋಡುತ್ತದೆ. ಪಕ್ಕದಲ್ಲೇ ಲೇಸರ್ ಹಾಯಿಸಿ ಇನ್ನೂ ಮೇಲಿನ ಉಷ್ಣತೆ ಅಳೆಯುತ್ತಾರೆ.

ಇದರಿಂದ ಪ್ರಯೋಜನ?

ವಿಮಾನ ಮೋಡವಿಲ್ಲದ ಕಡೆ ದಡಬಡ ಎನ್ನುವುದಕ್ಕೆ ಮುರಿದ ಅಲೆ ಒಂದು ಕಾರಣ. ಹವಾಮಾನದ ಕಂಪ್ಯೂಟರ್ ಲೆಕ್ಕದಲ್ಲಿ ಈ ಅಲೆಗಳ ಎಳೆತ ಸೇರಿಸದಿದ್ದರೆ ಚಳಿಗಾಲದ ಮೇಲ್ಗಾಳಿ ವಿಪರೀತ ಜೋರು ಬರುತ್ತಿತ್ತು. 1980ರ ದಶಕದಲ್ಲಿ ಅದನ್ನು ಸೇರಿಸಿದ ಮೇಲೆ ಸರಿಹೋಯಿತು.

ಮನೆಯಲ್ಲೇ ಏನಾದರೂ ನೋಡಬಹುದಾ?

ನೋಡಬಹುದು. ಕೆಲವು ಫೋನುಗಳಲ್ಲಿ ಒತ್ತಡಮಾಪಕ ಇರುತ್ತದೆ, ಅಂಕಿ ತೋರಿಸುವ ಆ್ಯಪ್ ಹಾಕಿಕೊಳ್ಳಿ. ಮಡಿಕೇರಿಯಲ್ಲಿ 880ರಿಂದ 890 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸುತ್ತದೆ. ಮೋಡ ಮಳೆ ಇಲ್ಲದ ದಿನ ಬೆಳಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಬರೆದಿಡಿ. ಸಂಜೆ ಸುಮಾರು 3 ಹೆಕ್ಟೊಪಾಸ್ಕಲ್ ಕಡಿಮೆ ಇರುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಏರಿರುತ್ತದೆ. ಇದೂ ತೇಲು ಅಲೆಯೇ, ಭೂಮಿಯಷ್ಟೇ ದೊಡ್ಡದು. ಓಝೋನ್ ಮತ್ತು ನೀರಾವಿ ಬಿಸಿಲು ಹೀರಿ ಎಬ್ಬಿಸುವ 12 ಗಂಟೆಯ ಉಬ್ಬರವಿಳಿತ. ಫೋನನ್ನು ಎರಡೂ ಸಲ ಒಂದೇ ಮೇಜಿನ ಮೇಲಿಡಿ. ಒಂದು ಮಹಡಿ ಹತ್ತಿದರೂ 0.3 ಇಳಿಯುತ್ತದೆ. ಒಬ್ಬ ಹುಡುಗ ಮಹಡಿ ಮೇಲೆ ಅಳೆದುಕೊಂಡು ಬಂದು ‘ಸರ್, ನಾನು ಹೊಸ ಅಲೆ ಕಂಡುಹಿಡಿದೆ’ ಎಂದಿದ್ದ.

ರಾಜಾ ಸೀಟಿನ ಮಂಜಿನ ಅಲೆಗೆ ಸರಿಯಾದ ಹೊತ್ತು ಯಾವುದು?

ಹಿಂದಿನ ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಹೆಚ್ಚು ಇರಬಾರದು. ಸೂರ್ಯ ಹುಟ್ಟಿದ ಮೇಲಿನ ಮೊದಲ ಒಂದು ಗಂಟೆ ಒಳ್ಳೆಯದು. ಬಿಸಿಲೇರಿ ಕಣಿವೆ ಕಾದರೆ ಪದರ ಒಡೆದು ಮಂಜು ಹರಿದು ಹೋಗುತ್ತದೆ, ಆಮೇಲೆ ಅಲೆ ಇಲ್ಲ. ಕೈಯಲ್ಲಿ ಹಿಡಿದು ಚಿತ್ರೀಕರಿಸಬೇಡಿ, ಕೈ ನಡುಕವೇ ಅಲೆಯಾಗಿ ಕಾಣುತ್ತದೆ. ಫೋನನ್ನು ಕಟ್ಟೆಗೆ ಒರಗಿಸಿ, ಒಂದು ಗುಡ್ಡದ ತುದಿ ಚೌಕಟ್ಟಿನೊಳಗೆ ಇರುವಂತೆ ನೋಡಿಕೊಳ್ಳಿ. ಮಂಜು ಆ ತುದಿಯ ಮೇಲೆ ಎಷ್ಟು ಹೊತ್ತಿಗೊಮ್ಮೆ ಏರುತ್ತದೆ ಎಂದು ಎಣಿಸಿ ಬರೆದು ತನ್ನಿ, ಒಟ್ಟಿಗೆ ಲೆಕ್ಕ ಹಾಕೋಣ.